ಒಣ ತೂಕ

ವಾರಕ್ಕೆ ಮೂರು ದಿನ, ಬೆಳಗಿನ ಆರಕ್ಕೆ,
ಚಪ್ಪಲಿ ಬಿಟ್ಟು ತೂಕದ ಯಂತ್ರ ಹತ್ತುತ್ತೇನೆ.
‘ಎರಡು ಕೆಜಿ ಎಂಟುನೂರು ಜಾಸ್ತಿ, ಬೋರಯ್ಯ,
ಮತ್ತೆ ನೀರು ಕುಡಿದಿದ್ದೀರಿ’ ಎಂದು
ಸಿಸ್ಟರ್ ಜೆಸಿಂತಾ ಬರೆದುಕೊಳ್ಳುತ್ತಾರೆ.

ಹಾಸನದ ಎಪಿಎಂಸಿಯಲ್ಲಿ ಇಪ್ಪತ್ತೆರಡು ವರ್ಷ
ಆಲೂಗಡ್ಡೆ ತೂಗಿದವನು ನಾನು.
ಚೀಲಕ್ಕಿಷ್ಟು, ಮಣ್ಣಿಗಿಷ್ಟು, ಕೊಳೆತದ್ದಕ್ಕಿಷ್ಟು
ಕಳೆದು ಹೇಳಿದರೆ ಯಾರೂ ಎದುರಾಡುತ್ತಿರಲಿಲ್ಲ.
ಈಗ ನನ್ನಿಂದ ಕಳೆಯಬೇಕಾದ್ದನ್ನು
ಬೇರೊಂದು ಯಂತ್ರ ನಾಲ್ಕು ಗಂಟೆ ಕೂತು ಕಳೆಯುತ್ತದೆ.
ಉಳಿದದ್ದಕ್ಕೆ ಇಲ್ಲಿ ಒಣ ತೂಕ ಎನ್ನುತ್ತಾರೆ.

ಆಲೂಗಡ್ಡೆ ತಿನ್ನುವಂತಿಲ್ಲ. ತಿನ್ನಲೇಬೇಕೆಂದರೆ
ಸಿಪ್ಪೆ ಹೆರೆದು, ಹೋಳು ಮಾಡಿ, ನೆನೆಸಿ,
ಬೇಯಿಸಿ, ಆ ನೀರನ್ನೂ ಚೆಲ್ಲಿ.
ಜವರಮ್ಮ ಒಂದು ಸಲ ಮಾಡಿದಳು.
‘ಇದು ಆಲೂಗಡ್ಡೆಯ ತಿಥಿ’ ಅಂದೆ.
ನಕ್ಕಳು, ಆಮೇಲೆ ಒಳಗೆ ಹೋದಳು.
ತನ್ನದೇ ಒಂದು ಕೊಡುತ್ತೇನೆಂದು ಹೊರಟವಳು ಅವಳು.
ಅವಳದು ಬಿ, ನನ್ನದು ಓ.
ಓ ಎಲ್ಲರಿಗೂ ಕೊಡಬಹುದಂತೆ,
ತೆಗೆದುಕೊಳ್ಳುವುದು ಮಾತ್ರ ಓ ಕೈಯಿಂದಲೇ.
ಯಾವ ಮಂಡಿಯಲ್ಲೂ ನಾನು ಕಾಣದ ಲೆಕ್ಕ.

ಪಟ್ಟಿಯಲ್ಲಿ ಹೆಸರಿದ್ದವನ ಫೋನು ಆರಬಾರದು.
ಬಚ್ಚಲಲ್ಲೂ ಪ್ಲಾಸ್ಟಿಕ್ ಕವರಿನಲ್ಲಿ, ನಲ್ಲಿಗೆ ತೂಗುಬಿಟ್ಟು.
ಸಾಲ ಬೇಕಾ ಸಾರ್, ಅನ್ನುತ್ತದೆ.
ಇವತ್ತು ರೇಟೆಷ್ಟು ಬೋರಣ್ಣ, ಅನ್ನುತ್ತದೆ.
ರಾತ್ರಿ ಬೈಪಾಸಿನಲ್ಲಿ ಆಂಬುಲೆನ್ಸ್ ಕೂಗಿದರೆ
ನಾನು ಎದ್ದು ಕೂರುತ್ತೇನೆ.
ಯಾಕೆ ಎದ್ದೆ ಎಂದು ಅವಳು ಕೇಳುವುದಿಲ್ಲ,
ಕೇಳದಿರುವುದು ಅವಳ ದೊಡ್ಡತನ.

ಆಷಾಢದಲ್ಲಿ ಒಂದು ರಾತ್ರಿ, ಒಂದೂ ನಲವತ್ತಕ್ಕೆ:
‘ನೀವು ಎರಡನೆಯವರು. ಏನೂ ತಿನ್ನದೆ ಹೊರಟು ಬನ್ನಿ.’
ಇಲಿಯಾಸನ ತರಕಾರಿ ಪಿಕಪ್ಪು.
ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರು ಕ್ರಾಸು,
ಹಿಂದೆ ಖಾಲಿ ಕ್ರೇಟುಗಳು ದಾರಿಯುದ್ದಕ್ಕೂ ಬಡಬಡಿಸಿದವು.

ಬೆಂಗಳೂರಿನ ಆ ಕಾರಿಡಾರಿನಲ್ಲಿ ಮೊದಲನೆಯವಳು ಕೂತಿದ್ದಳು.
ಹತ್ತೊಂಬತ್ತಿರಬಹುದು, ಎರಡು ಜಡೆ, ಕಾಲು ಊದಿತ್ತು.
‘ನಾವು ಸಿರಾದವರು’ ಎಂದು ಅವಳಪ್ಪ
ಕೇಳದಿದ್ದರೂ ಎರಡು ಸಲ ಹೇಳಿದ.
ಆಚೆ ತುದಿಯ ಬೆಂಚಿನಲ್ಲಿ ಒಬ್ಬ ಹುಡುಗ
ಮಡಿಲಲ್ಲಿ ಹೆಲ್ಮೆಟ್ ಇಟ್ಟುಕೊಂಡಿದ್ದ, ಗೀರೂ ಬೀಳದ್ದು.
ಯಾರದೆಂದು ಯಾರೂ ಹೇಳಲಿಲ್ಲ.

ಅವಳ ರಕ್ತ ಹೊಂದದಿರಲಿ ಎಂದು ನಾನು ಬೇಡಲಿಲ್ಲ.
ಬೇಡದಿರುವುದಕ್ಕೆ
ಇಡೀ ರಾತ್ರಿ ಹಿಡಿಯಿತು.

ಆರೂವರೆಗೆ ಹೊಂದಿತು.
ಅವಳಪ್ಪ ಬಂದು ನನ್ನ ಎರಡೂ ಕೈ ಹಿಡಿದ,
ನಾನೇ ಕೊಟ್ಟವನೇನೋ ಎಂಬಂತೆ.
ಎಡಗೈ ಮೆಲ್ಲಗೆ, ಸ್ವಾಮಿ, ಅಂದೆ.
ಅದರಲ್ಲಿ ನನ್ನ ನಾಳ ಗುಂಯ್‌ಗುಡುತ್ತಿತ್ತು.

ಬರುವಾಗ ಬೆಳ್ಳೂರು ಕ್ರಾಸಿನಲ್ಲಿ ಇಲಿಯಾಸ್ ಇಡ್ಲಿ ಕೊಡಿಸಿದ.
‘ಎರಡನೆಯವರು ಆಗಿದ್ದೀಯಲ್ಲ, ಮುಂದಿನ ಸಲ’ ಅಂದವನು
ಮುಂದೆ ಹೇಳದೆ ಚಟ್ನಿ ಕೇಳಿದ.
ಆ ಮುಂದಿನ ಸಲ ಈಗ ಎಲ್ಲೋ
ಗಾಡಿ ಓಡಿಸುತ್ತಿರಬೇಕು, ಊಟ ಮಾಡುತ್ತಿರಬೇಕು.
ಚೆನ್ನಾಗಿರಲಪ್ಪ.

ಮಂಗಳವಾರ. ಆರು ಗಂಟೆ. ಯಂತ್ರ ಹತ್ತಿದೆ.
‘ಫೋನು ಪಕ್ಕಕ್ಕಿಡಿ ಬೋರಯ್ಯ, ತೂಕ ತಪ್ಪುತ್ತೆ.’
ಇಡೋದಿಲ್ಲ ಸಿಸ್ಟರ್.
ಇನ್ನೂರು ಗ್ರಾಂ ಇದೆ ಅದು, ನಾನು ತೂಗಿದ್ದೇನೆ.
ಕಳೆದು ಬರಕೊಳ್ಳಿ.