ಒಳಗೆ ಬಿಟ್ಟ ಬಟ್ಟೆ

ತಮ್ಮ ಹಾಲೇಶನಿಗೆ ಗೋಡೆಯೊಳಗೆ ರ‍್ಯಾಕು ಬೇಕಂತೆ.
ಹಾಲ್‌ನಲ್ಲಿ ಒಂದು ಡಬ್ಬಿಯೂ ಎದ್ದು ಕಾಣಬಾರದು,
ಒಂದು ವೈರೂ ನಾಲಿಗೆ ಚಾಚಬಾರದು.
ಮೇಲೆ ಪರದೆ, ಕೆಳಗೆ ಕರೀ ಗಾಜಿನ ಬಾಗಿಲು, ಅಷ್ಟೇ.
ಪಿ.ಬಿ. ರೋಡಿನ ಸ್ಪೇರ್‌ಪಾರ್ಟ್ಸ್ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗೆಲ್ಲ
ಮೂರು ತಿಂಗಳು ಮೊಬೈಲಿನ ಮೇಲೆ ಬೆರಳಾಡಿಸಿ ಆರಿಸಿದ್ದು:
ಹತ್ತೊಂಬತ್ತು ಇಂಚು ಅಗಲ, ಕಬ್ಬಿಣದ ಚೌಕಟ್ಟು,
ಎಳೆದರೆ ಡ್ರಾಯರಿನಂತೆ ಜಾರಿ ಬರುವ ತಟ್ಟೆಗಳು.

ನಿಟ್ಟುವಳ್ಳಿಯ ನಮ್ಮ ಗೋಡೆ ಒಂಬತ್ತಿಂಚು.
ಅವನ ಆಂಪ್ಲಿಫೈಯರಿನ ಹೊಟ್ಟೆ ಹದಿನೈದು.
ಮಿಕ್ಕ ಆರಿಂಚು ಎಲ್ಲಿಗೆ ಹೋಗಬೇಕು?
ಗಾರೆಯ ದಾದಾಪೀರ್ ಗೋಡೆಗೆ ಕಿವಿಯಿಟ್ಟು, ಬಡಿದು, ಹೇಳಿದ:
"ಹಿಂದ್ಗಡೆ ಅಕ್ಕಾರ ಮಿಷಿನ್ ರೂಮೈತಲ್ರಿ,
ಅಲ್ಲಿಗೆ ಬೆನ್ನು ಚಾಚ್ಲಿ ಬಿಡ್ರಿ."
ನನ್ನನ್ನು ಕೇಳಲಿಲ್ಲ ಎನ್ನಲಾರೆ. ಕೇಳಿದರು.
ಗುರುತು ಹಾಕಿದ ಮೇಲೆ ಕೇಳಿದರು.

ಕತ್ತಿನಿಂದ ಟೇಪು ತೆಗೆದೆ.
ಹದಿನೈದು ಸರಿ, ಪಿನ್ನು ಚುಚ್ಚಿದ ಮೇಲೆ ಎಷ್ಟು?
ವೈರು ಬಾಗುವುದಕ್ಕೆ? ಬಿಸಿ ಉಸಿರು ಬಿಡುವುದಕ್ಕೆ?
ಹಾಲೇಶ ಡಬ್ಬಿಯ ಮೇಲಿನ ಅಂಕಿಯನ್ನೇ ಬೆರಳಿಟ್ಟು ತೋರಿಸಿದ.
ಇಪ್ಪತ್ತೆರಡು ವರ್ಷದಿಂದ ಹೆಂಗಸರು ಹಳೇ ಬ್ಲೌಸು ತಂದು
"ಇದೇ ಅಳತೆ ನೋಡ್ರಿ" ಅನ್ನುತ್ತಾರೆ.
ನಾನು ಹೂಂ ಅಂದು, ಒಳಗೆ ಎರಡು ಬೆರಳು ಬಟ್ಟೆ ಬಿಟ್ಟೇ ಹೊಲಿಯುತ್ತೇನೆ.
ಆಷಾಢದ ಹೊತ್ತಿಗೆ ಅವರೇ ಬರುತ್ತಾರೆ, ದನಿ ತಗ್ಗಿಸಿ,
"ಒಂಚೂರು ಬಿಚ್ಚಿ ಕೊಡ್ರಿ."
ಗೋಡೆಗೂ ಬಿಡಬೇಕು.
ಹದಿನೆಂಟೂವರೆ ಅಂತ ಸೀಮೆಸುಣ್ಣದಲ್ಲಿ ನಾನೇ ಗೀಚಿದೆ.
ನನ್ನ ಕೋಣೆಯಿಂದ ಒಂಬತ್ತೂವರೆ ಇಂಚು
ನಾನೇ ಕತ್ತರಿಸಿ ಕೊಟ್ಟ ಹಾಗಾಯಿತು.

ಎರಡು ದಿನ ಇಟ್ಟಿಗೆಯ ಕೆಂಪು ಧೂಳು.
ಮುಚ್ಚಿಟ್ಟ ಲೈನಿಂಗ್ ಬಟ್ಟೆಯ ಮೇಲೂ, ಮಂಡಕ್ಕಿಯ ಮೇಲೂ.
ದಾದಾಪೀರ್ ಮೇಲೊಂದು ಕಡಪ ಕಲ್ಲು ಕೂರಿಸಿ
ಅದರ ಮೇಲೆ ತಾನೇ ಜೋತು ಬಿದ್ದು ತೋರಿಸಿದ, ನಗುತ್ತ.

ಆಚೆ ಕಡೆ ಈಗ ಕರೀ ಗಾಜು, ಅದರೊಳಗೊಂದು ನೀಲಿ ಚುಕ್ಕಿ.
ಈಚೆ ಕಡೆ, ನನಗೆ, ಜಾಲರಿ ಬಾಗಿಲು, ಗುಂಯ್ ಎನ್ನುವ ಪುಟ್ಟ ಫ್ಯಾನು,
ಒಂದೇ ಬಣ್ಣದ ಹನ್ನೊಂದು ವೈರು.
ಬಂದ ಹುಡುಗ ಹೆಸರು ಚೀಟಿ ಮರೆತು ಬಂದಿದ್ದ.
ನಾನು ಚಿಂದಿ ಡಬ್ಬಿ ಸುರಿದೆ.
ಎಡದ ಸ್ಪೀಕರಿಗೆ ಮಾವಿನ ಚಿಗುರು ಬಣ್ಣ, ಬಲದ್ದಕ್ಕೆ ಕುಂಕುಮಗೆಂಪು,
ನಡುವಿನದಕ್ಕೆ ಶೈಲಾ ಟೀಚರ ನೇರಳೆ ರೇಷ್ಮೆ.
ಹೊಲಿಗೆ ಹೇಗಿದೆ ಅಂತ ತಿರುವಿ ನೋಡುವವಳು ನಾನು;
ಬೆನ್ನು ಓದಲು ಬರುತ್ತದೆ.

ರಾತ್ರಿ ಅವರು ಸಿನಿಮಾ ನೋಡುತ್ತಾರೆ, ಅವನು, ಹೆಂಡತಿ, ಮಕ್ಕಳು.
"ಅತ್ತೆ ಬಾ" ಅಂತ ಚಿಕ್ಕವಳು ಕರೆಯುತ್ತಾಳೆ.
ಹುಕ್ಕು ಹಚ್ಚುವುದಿದೆ, ನಾನಿಲ್ಲಿಂದಲೇ ಕೇಳುತ್ತೇನೆ.
ಹಾಲೇಶನಿಗೊಂದು ರೈಲಿನ ದೃಶ್ಯ ಬಲು ಇಷ್ಟ.
ಅವರಿಗದು ಎಡದಿಂದ ಬಲಕ್ಕೆ ಓಡುತ್ತದೆ,
ಪರದೆಯ ಬೆನ್ನಿಗೆ ಕೂತ ನನಗೆ ಬಲದಿಂದ ಎಡಕ್ಕೆ.
ಅದೇ ಹೊತ್ತಿಗೆ ನಿಜದ ರೈಲು
ಹರಿಹರದ ಕಡೆಯಿಂದ ಬಂದು, ನನ್ನ ಎಡದಿಂದ ಬಲಕ್ಕೆ,
ಚಿಕ್ಕಜಾಜೂರಿನ ದಾರಿ ಹಿಡಿಯುತ್ತದೆ.
ಎರಡೂ ನನ್ನ ಸೂಜಿಯ ಹತ್ತಿರ ಒಂದನ್ನೊಂದು ದಾಟುತ್ತವೆ.

ಮೊನ್ನೆ ಒಬ್ಬಾಕೆ ಬಂದಳು, ಮಾವಿನ ಚಿಗುರಿನವಳು.
ಕಂಕುಳಲ್ಲಿ ಪಿಸಿದಿದೆ, ಅದೇ ಬಟ್ಟೆಯ ತುಂಡಿದೆಯೇನ್ರಿ?
ಇದೆ, ಅಂದು ವೈರಿನಿಂದ ಬಿಚ್ಚಿ ತೇಪೆ ಹಾಕಿ ಕೊಟ್ಟೆ.
ಮರುದಿನ ಪಕ್ಕದಾಕೆಗೆ ಕುಂಕುಮಗೆಂಪೂ ಬೇಕಾಯಿತು.
ಭಾನುವಾರ ಧೂಳು ಒರೆಸಲು ಹಾಲೇಶ ವೈರೆಲ್ಲ ಕಿತ್ತು
ಅಂದಾಜಿನ ಮೇಲೆ ಮತ್ತೆ ಚುಚ್ಚಿದ.

ಅವತ್ತು ರಾತ್ರಿ ಆಚೆ ಯಾರಿಗೂ ಏನೂ ಗೊತ್ತಾಗಲಿಲ್ಲ.
ಈಚೆ, ಮೊದಲ ಸಲ, ಸಿನಿಮಾದ ರೈಲು
ಹರಿಹರದ ಕಡೆಯಿಂದ ಬಂತು.
ಎರಡು ರೈಲು ಒಂದೇ ದಿಕ್ಕಿಗೆ, ಒಂದರ ಬೆನ್ನಿಗೊಂದು.
ಸೂಜಿ ನಿಲ್ಲಿಸಿ ಕೇಳಿದೆ.
ಬೆಳಿಗ್ಗೆ ಹೇಳಬೇಕೆಂದುಕೊಂಡೆ.
ಇನ್ನೂ ಹೇಳಿಲ್ಲ.