ಮೂರು ಮೀಟರ್

ಹಗ್ಗ ಬೇಡ ಅಂದ ಅಪ್ಪ.
ಹಗ್ಗಕ್ಕೆ ಎಳೆಯುವುದಷ್ಟೇ ಗೊತ್ತು, ತಡೆಯುವುದು ಗೊತ್ತಿಲ್ಲ;
ಬ್ರೇಕು ಸತ್ತ ಗಾಡಿಗೆ ಕಬ್ಬಿಣದ ಸರಳೇ ಆಗಬೇಕು.
ಮೂರು ಮೀಟರಿಗಿಂತ ಉದ್ದ ಇರಕೂಡದು,
ಕೆಂಪು ಬಿಳಿ ಪಟ್ಟೆ ಇರಬೇಕು, ದೂರಕ್ಕೆ ಕಾಣುವ ಹಾಗೆ.
ಇಷ್ಟು ಹೇಳಿ, ಕೆಮ್ಮಿ, ತಾನೇ ಹೋಗಿ ತಂದ
ಪಕ್ಕದ ಮನೆಯ ಸಿಲ್ವೆಸ್ತೆರನ ಕೊಟ್ಟಿಗೆಯಿಂದ.
ಪಟ್ಟೆಯ ಮೇಲೆ ಒಣಗಿದ ಸಗಣಿ. ಒರೆಸಿದೆ.

ಮೂವತ್ತೊಂದು ವರ್ಷ ಸೇಯ್ನಿಯ ಮಕ್ಕಳಿಗೆಲ್ಲ
ಕಾರು ಕಲಿಸಿದವನು. ಪಾದ್ರಿಗೂ ಕಲಿಸಿದ್ದ,
ಪಾದ್ರಿಯ ಕ್ಲಚ್ಚಿನ ಬಗ್ಗೆ ಇವತ್ತಿಗೂ ದೂರು.
ಹೋದ ಚಳಿಗಾಲ ಕಣ್ಣಿನ ಡಾಕ್ಟರಮ್ಮ
ಅಕ್ಷರದ ಹಲಗೆಯ ಮೂರನೇ ಸಾಲಿಗೇ ಸಾಕು ಅಂದಳು.
ಲೈಸೆನ್ಸು ಕೊಟ್ಟು ಬಂದ. ರಸೀತಿ ಕೇಳಿದನಂತೆ.

ಈಗ ಪೊಲೊನೇಜ್ ಮಾರಿದ್ದಾಯಿತು,
ಹಳೆ ಕಾರು ಕೂಡಿಹಾಕುವ ಹುಚ್ಚಿನ
ಸುವಾವ್ಕಿಯ ಒಬ್ಬ ದಂತವೈದ್ಯನಿಗೆ.
ಮೂವತ್ತು ಕಿಲೋಮೀಟರ್.

ಹಿಂದಿನ ಗಾಡಿಯಲ್ಲೂ ಲೈಸೆನ್ಸು ಇದ್ದವರೇ ಕೂರಬೇಕು.
ಯಾರೂ ಬಾಯಿಬಿಟ್ಟು ಹೇಳಲಿಲ್ಲ;
ಅವನೇ ಕೀಲಿಯನ್ನು ನನ್ನ ಮಗಳ ಅಂಗೈಗಿಟ್ಟ.
ಯಾಗ್ನಾ, ಹತ್ತೊಂಬತ್ತು, ಕಾರ್ಡು ಬಂದು ಎರಡು ತಿಂಗಳು.
"ಕೀಲಿ ತಿರುಗಿಸೇ ಇಟ್ಟಿರು. ಕಿತ್ತೆಯೋ,
ಸ್ಟೀರಿಂಗಿಗೆ ಬೀಗ ಬೀಳುತ್ತೆ, ಆಮೇಲೆ ದೇವರೇ ತಿರುಗಿಸಬೇಕು.
ಅಮ್ಮ ಎತ್ತ ಹೋದರೆ ಅತ್ತ. ನಿನ್ನ ಬುದ್ಧಿ ಬೇಡ."
"ಅಭ್ಯಾಸ ಇದೆ ತಾತ," ಅಂದಳು.

ಕೊಂಡಿಗೆ ಸರಳು, ಸರಳಿಗೆ ಕಡಾಣಿ, ಕಡಾಣಿಗೆ ಕ್ಲಿಪ್ಪು.
ಅಪ್ಪ ಕಣ್ಣಿಂದ ನೋಡಲಿಲ್ಲ, ಬೆರಳಿಂದ ನೋಡಿದ,
ಎರಡು ಸಲ; ಆಮೇಲೆ ಬೂಟುಗಾಲಲ್ಲಿ ಒಂದು ಒದೆ.
ಹಿಂದೆ ಎಡಗಡೆ ತ್ರಿಕೋನ. ಮುಂದೆ ದೀಪ, ಹಗಲಾದರೂ.
"ನಾಲ್ಕೂ ಮೂಲೆ ಮಿಣುಕಿಸಬೇಡ.
ಎಡಕ್ಕೋ ಬಲಕ್ಕೋ, ಆಮೇಲೆ ಲೋಕಕ್ಕೆ ಹೇಳೋದು ಹೇಗೆ?"
ಊರೊಳಗೆ ಮೂವತ್ತು. ಹೊರಗೆ ಅರವತ್ತು.

ಮೊದಲ ಜಗ್ಗು ನನ್ನ ಬೆನ್ನುಮೂಳೆಗೇ ತಾಗಿತು.
ಅರೆಗಳಿಗೆ ಎತ್ತು ಏರಿಗೆ, ಕೋಣ ನೀರಿಗೆ;
ಆಮೇಲೆ ಎರಡು ಗಾಡಿಗೂ ಒಂದೇ ಮೂಕಿ.
ರೈ ಪೈರು, ಕಂಬದ ಮೇಲೆ ಕೊಕ್ಕರೆಯ ಗೂಡು,
ಸರೋವರ, ಮತ್ತೊಂದು ಸರೋವರ.
ಹಿಂದೆ ಲಿಥುವೇನಿಯಾದ ಲಾರಿಗಳ ಬಾಲ, ಹಾರ್ನು.
"ಜಾಗ ಸಿಕ್ಕಲ್ಲಿ ಪಕ್ಕಕ್ಕೆ ಸರಿದು ಬಿಡು, ಅದು ಮರ್ಯಾದೆ.
ಅಲ್ಲಿತನಕ ಬಡಿದುಕೊಳ್ಳಲಿ. ಅವಸರ ಅವರದ್ದು,
ಬ್ರೇಕು ನಿನ್ನೊಬ್ಬಳದ್ದು, ಎರಡಕ್ಕೂ."

ಕ್ರಾಸ್ನೊಪೋಲ್ ದಾಟಿ ಇಳಿಜಾರಿನಲ್ಲಿ
ಹಿಂದಿನ ಭಾರವೆಲ್ಲ ಸರಳಿನಗುಂಟ ಬಂದು ನೂಕಿತು.
ಎರಡನೇ ಗೇರು, ಅವನು ಹೇಳುವ ಮುಂಚೆ.
ಅವನು ಹೇಳಲೇ ಇಲ್ಲ.
ತಿರುಗಿ ನೋಡಿದರೆ, ಬಿಸಿಲುಮರೆ ಇಳಿಸಿ
ನಾನು ತುಟಿಗೆ ಬಣ್ಣ ಹಚ್ಚುವ ಅಂಗೈಯಗಲದ ಕನ್ನಡಿಗೆ
ಕಣ್ಣು ಹತ್ತಿಸಿಕೊಂಡು ಕೂತಿದ್ದಾನೆ.
"ಇದು ಹೀಗೆ ಬರುತ್ತಾ?" ಅಂದ.

ಮೂವತ್ತೇಳು ವರ್ಷ ಅದರೊಳಗೇ ಕೂತಿದ್ದವನು
ಓಡುವಾಗ ಅದರ ಮುಖ ನೋಡಿರಲಿಲ್ಲ.
ಎಷ್ಟು ಕಂಡಿತೋ. ಒಂದು ಮಸುಕು ಬಿಳುಪು,
ನಡುವೆ ಯಾಗ್ನಾಳ ಕೆಂಪು ಟೊಪ್ಪಿ, ಇರಬಹುದು.
ಹತ್ತಿರವೂ ಬರದೆ, ಹಿಂದೆಯೂ ಉಳಿಯದೆ.

ಸುವಾವ್ಕಿಯಲ್ಲಿ ಕಡಾಣಿ ಕಚ್ಚಿಕೊಂಡಿತು.
ದಂತವೈದ್ಯ ಎಣ್ಣೆ ತರಲು ಒಳಗೋದ;
ಬರುವಷ್ಟರಲ್ಲಿ ಅಪ್ಪ ಸುತ್ತಿಗೆಯಲ್ಲಿ ಕಿತ್ತಾಗಿತ್ತು.
ನೋಟು ನಾನು ಎಣಿಸಿದೆ.
ತ್ರಿಕೋನ ಮಾರಾಟಕ್ಕಿಲ್ಲ ಅಂತ ಕಂಕುಳಿಗೆ ಇರುಕಿಕೊಂಡ.

ವಾಪಸು ದಾರಿ. ಡಿಕ್ಕಿಯಲ್ಲಿ ಸರಳು ಗಡಗಡ.
"ತೊಂಬತ್ತು ಹೋಗಬಹುದಮ್ಮ ಈಗ,"
ಹಿಂದಿನ ಸೀಟಿನಿಂದ ಯಾಗ್ನಾ.
ನೋಡಿಕೊಂಡೆ. ಮುಳ್ಳು ಅರವತ್ತರಲ್ಲೇ ಇತ್ತು.
ಬಿಸಿಲುಮರೆಯೂ ಇಳಿಸಿದಂತೆಯೇ ಇತ್ತು.
ಅವಳು ಆ ಕನ್ನಡಿಗೆ ನಾಲಿಗೆ ಚಾಚಿದಳು.
ಕಂಡಿತೋ ಇಲ್ಲವೋ,
"ಬೆಲ್ಟು ಹಾಕಿಕೋ," ಅಂದ ಅಪ್ಪ.