ಕೊಸರು

ಮೊದಲ ಶುಕ್ರವಾರ ನಾನವಳಿಗೆ ಮೋಸ ಮಾಡಿದೆ,
ಮುಚ್ಚಿಡುವುದೇನು.
ಎಂಬತ್ತರ ಅಣಬೆ ಕುಪ್ಪೆಗೆ ಇನ್ನೂರು ಅಂದೆ.
ನೋಟು ಎಣಿಸಿ ಎರಡೂ ಕೈಯಲ್ಲಿ ಕೊಟ್ಟಳು,
ಕಾಣಿಕೆ ಹಾಕುವವಳ ಹಾಗೆ.
ಪಕ್ಕದ ಒಣಮೀನಿನ ಬೀಫಾತುಮ್ಮ ಕೆಮ್ಮಿದಳು.
ನಾನು ಗೋಣಿಚೀಲ ಸರಿಮಾಡಿಕೊಂಡೆ.

ಇಲ್ಝೆ ಅಂತೆ ಹೆಸರು. ದೇಶ ಲಾಟ್ವಿಯಾ,
ಲಾಟರಿ ಅಂದ ಹಾಗೆ ಕೇಳಿಸಿತು ನನಗೆ.
ಗಂಡ ಕುಶಾಲನಗರದ ಕಾಫಿ ಕ್ಯೂರಿಂಗ್‌ನಲ್ಲಿ
ಬಣ್ಣ ನೋಡಿ ಬೀಜ ಆರಿಸುವ ಮಿಷನ್ನು ಕೂರಿಸಲು ಬಂದವನು,
ಒಂದು ವರ್ಷದ ಕಾಗದ.
ಇವಳಿಗೆ ಕೆಲಸವಿಲ್ಲ; ಹಾಗಾಗಿ ಸಂತೆ.
ಮಂಗಳವಾರ ಕುಶಾಲನಗರ, ಬುಧವಾರ ವಿರಾಜಪೇಟೆ,
ಶುಕ್ರವಾರ ಮಡಿಕೇರಿ, ಭಾನುವಾರ ಗೋಣಿಕೊಪ್ಪ.
ನಮ್ಮ ವಾರಗಳ ಹೆಸರನ್ನೆಲ್ಲ
ಬಸ್ಸಿನಲ್ಲೇ ಕಲಿತಳು.

ಅಣಬೆ ಎತ್ತಿ ಬುಡ ಮೂಸುವಳು.
ಕೊಳ್ಳುವವರು ಯಾರೂ ಹಾಗೆ ಮೂಸುವುದಿಲ್ಲ,
ಹೆಕ್ಕುವವರು ಮೂಸುತ್ತಾರೆ.
ಆಗಲೇ ನನಗೆ ಗೊತ್ತಾಗಬೇಕಿತ್ತು.

ಆಟಿ ಹದಿನೆಂಟು ಆ ವರ್ಷ ಶನಿವಾರ ಬಿದ್ದಿತ್ತು.
ಹಿಂದಿನ ದಿನದ ಸಂತೆಯಲ್ಲಿ ಮದ್ದುಸೊಪ್ಪಿನ ಕಟ್ಟು ಒಯ್ದಳು.
ಬೇಯಿಸು, ಆ ನೀರಿಗೆ ಅಕ್ಕಿ ಹಾಕು, ಬೆಲ್ಲ, ಕಾಯಿ,
ಕೈಸನ್ನೆಯಲ್ಲೇ ಪಾಯಸ ಮಾಡಿ ತೋರಿಸಿದೆ.
ಒಂದು ಮಾತು ಬಿಟ್ಟುಹೋಯಿತು.
ಭಾನುವಾರ ಬೆಳಿಗ್ಗೆ ಆರಕ್ಕೆ ಫೋನು:
"ಒನಮಾ! ಕೆಂಪು! ನನ್ನ ಗಂಡ ಕೆಂಪು!"
ಹಿಂದಿನಿಂದ ಅವನು ಆಸ್ಪತ್ರೆ ಆಸ್ಪತ್ರೆ ಅನ್ನುತ್ತಿದ್ದ.
ಹೊನ್ನಮ್ಮ ಅನ್ನಲು ಬಾರದವಳಿಗೆ
ಉಚ್ಚೆ ಕೆಂಪಾದರೆ ಮದ್ದು ಹಿಡಿಯಿತು ಅಂತ
ಹೇಗೆ ಹೇಳುವುದು?
ನಕ್ಕೆ. ನಗು ನಿಲ್ಲಲಿಲ್ಲ.
ಕೊನೆಗೆ ಆ ಕಡೆಯಿಂದಲೂ ನಗು ಬಂತು,
ಮೊದಲು ಅವಳದು,
ಬಹಳ ಹೊತ್ತಿನ ಮೇಲೆ ಅವನದು.

ಸೆಪ್ಟೆಂಬರಲ್ಲಿ ಜೀಪು ಮಾಡಿಕೊಂಡು ಬಂದಳು,
ಮಾಂದಲ್‌ಪಟ್ಟಿಗೆ ಬಾ ಅಂತ.
ಹಮ್ಮಿಯಾಲದವಳು ನಾನು, ಬೆಟ್ಟದ ಬುಡದವಳು,
ಐವತ್ತೆರಡು ವರ್ಷ ಅದರ ತಲೆ ಹತ್ತಿದವಳಲ್ಲ.
ಬೆಟ್ಟ ನೋಡುವುದೂ ಒಂದು ಕೆಲಸವೇ?
ಗುಡ್ಡ ಜಾರಿದ ವರ್ಷದಿಂದ ಅಂತೂ
ಆ ಕಡೆಗೆ ಬೆನ್ನು ಹಾಕಿಯೇ ಪಾತ್ರೆ ತೊಳೆಯುವುದು.
ಅದನ್ನು ಅವಳಿಗೆ ಹೇಳಲಿಲ್ಲ.
ಸೀಟಿನ ಕಂಬಿ ಗಟ್ಟಿ ಹಿಡಿದು ಕೂತೆ.

ಮೇಲೆ ಮಂಜು. ಬರೀ ಮಂಜು.
ಯಾರೋ ಹುಡುಗರು ಜೀಪಿನವನ ಹತ್ತಿರ
ದುಡ್ಡು ವಾಪಸು ಕೇಳುತ್ತಿದ್ದರು.
ಎಲ್ಲಿ ಕುಸಿದಿತ್ತೋ, ಯಾರ ತೋಟ ಎಲ್ಲಿತ್ತೋ,
ಒಂದೂ ಕಾಣಲಿಲ್ಲ.
ಕಾಣದ್ದೇ ಒಳ್ಳೆಯದಾಯಿತು.
ನಾವಿಬ್ಬರೂ ಕುಕ್ಕರಗಾಲಲ್ಲಿ ಕೂತು ನೆಲ ನೋಡಿದೆವು.
ಅವಳ ಕಾಲಿಗೆ ಏಳು ಜಿಗಣೆ, ನನ್ನ ಕಾಲಿಗೆ ಎರಡು.
ಎಲೆಯಡಿಕೆ ಚೀಲದ ಸುಣ್ಣ ತೆಗೆದು ಹಚ್ಚಿದೆ.
ಅವಳು ಹುಲ್ಲು ಸರಿಸಿ ಒಂದು ಅಣಬೆ ತೋರಿಸಿದಳು,
ನಾನು ತಲೆಯಾಡಿಸಿದೆ: ವಿಷ.
ಇನ್ನೊಂದು ಕಂಡಿತು,
ನಾನು ಬಾಯಿ ತೆರೆಯುವ ಮೊದಲೇ
ಅವಳೇ ತಲೆಯಾಡಿಸಿದಳು.
ಅವಳ ಅಜ್ಜಿಯೂ ಹೀಗೇ ಕಲಿಸಿದ್ದಂತೆ,
ತಿನ್ನಬಾರದ್ದನ್ನು ಮೊದಲು.

ಆ ಇನ್ನೂರರ ವಿಷಯ ಅಂದೇ ಹೇಳಬೇಕೆಂದಿದ್ದೆ.
ಜೀಪಿನ ಸದ್ದಿಗೆ ಮಾತು ಕೇಳಿಸದೆಂದು
ನೆವ ಹೇಳಿಕೊಂಡೆ.

ಕೊನೆಯ ಶುಕ್ರವಾರ ಗಾಂಧಾರಿ ಮೆಣಸಿಗೆ ಬಂದಳು.
ಪಾವಿಗೆ ಅರವತ್ತು ಅಂದೆ,
ನಿಜವಾದ ಬೆಲೆ, ಹೆತ್ತ ತಾಯಾಣೆ.
ನಲವತ್ತು ಅಂದಳು.
ಅಸಲೂ ಹುಟ್ಟುವುದಿಲ್ಲ ಅಂದೆ.
ಎದ್ದು ನಡೆದಳು. ಒಣಮೀನು ದಾಟಿ,
ನಾನು ಕೂಗಿದರೆ ಕೇಳುವಷ್ಟೇ ದೂರ ಹೋಗಿ
ಹೆಜ್ಜೆ ನಿಧಾನ ಮಾಡಿದಳು.
ಇದನ್ನು ಯಾವ ಸಂತೆ ಕಲಿಸಿತೋ.
ಕೂಗಿದೆ. ಐವತ್ತಕ್ಕೆ ಅಳೆದು ಸುರಿದೆ.
ಅವಳು ಚೀಲದ ಬಾಯಿ ಮುಚ್ಚಲಿಲ್ಲ.
"ಒನಮಾ, ಕೊಸರು."

ಒಂದು ಹಿಡಿ ಹಾಕಿದೆ.
ಮುಚ್ಚಲಿಲ್ಲ.
ಇನ್ನೊಂದು.
ಇನ್ನೂರರಲ್ಲಿ ಎಂಬತ್ತು ಕಳೆದರೆ ನೂರಿಪ್ಪತ್ತು,
ಹಿಡಿಗೆ ಹತ್ತರಂತೆ
ಮನಸ್ಸಲ್ಲೇ ಎಣಿಸುತ್ತಾ ಹೋದೆ.
ಬೀಫಾತುಮ್ಮ ಕೆಮ್ಮುತ್ತಲೇ ಇದ್ದಳು.